ಅಯಲ್‌ಕೂಟದ ಚೆಂಬು ಕರಗಿದ ಪ್ರಸಂಗ

ವಯನಾಡಿನ ಗಡಿಯೂರಾದ ಬಾವಲಿಯ ಗುರುಮೂರ್ತಿ ಯಾವ ಕೆಲಸವನ್ನೂ ಸಣ್ಣದಾಗಿ ಮಾಡಿದವನಲ್ಲ. ಉಪ್ಪಿನಕಾಯಿಗೆ ನಾಲ್ಕು ನಿಂಬೆಹಣ್ಣು ತನ್ನಿ ಎಂದು ಕಳಿಸಿದರೆ ಮೂಟೆ ಹೊತ್ತು ತರುತ್ತಿದ್ದ. ಜ್ವರಕ್ಕೆ ಕಷಾಯ ಕಾಯಿಸಿದರೆ ಹಂಡೆ ತುಂಬ ಕಾಯಿಸಿ, ಜ್ವರವೇ ಇಲ್ಲದ ನೆರೆಹೊರೆಯವರನ್ನೂ ಬೇಲಿಯಾಚೆಯಿಂದ ಕರೆದು ಕುಡಿಸುತ್ತಿದ್ದ. ಅಪ್ಪ ಬಿಟ್ಟುಹೋದ ಕಾಫಿ ಗಿಡಗಳೂ ಮೆಣಸಿನ ಬಳ್ಳಿಗಳೂ ಅವನ ಈ ಸ್ವಭಾವವನ್ನು ಹೇಗೋ ಸಹಿಸಿಕೊಂಡು ಬಂದಿದ್ದವು. ಹೆಂಡತಿ ವೀಣಾ ಸಹಿಸಿಕೊಂಡಿದ್ದಳು ಎಂದರೆ ಮಾತ್ರ ಸುಳ್ಳಾಗುತ್ತದೆ.

ಇಂಥವನು ಮಾನಂತವಾಡಿಯಲ್ಲಿ ನಡೆದ ಸಾಬೂನು ತಯಾರಿಕೆಯ ಒಂದು ದಿನದ ತರಬೇತಿಗೆ ಹೋದ. ಹೋಗಬೇಕಾಗಿದ್ದವಳು ವೀಣಾ. ಆ ದಿನ ಹಸು ಕರು ಹಾಕುವಂತಿತ್ತು, ಅವಳು ಉಳಿದಳು. ಹೆಸರು ಕೊಟ್ಟ ಮೇಲೆ ಒಂದು ಕುರ್ಚಿ ಖಾಲಿ ಬಿಡಬಾರದೆಂದು ಗಂಡ ಹೊರಟ. ಕಲಿಸುವವಳು ಧನ್ಯ ಎಂಬ ಚುರುಕು ಹೆಂಗಸು. ಬೆಳಗ್ಗೆಯೆಲ್ಲ ಗುರುಮೂರ್ತಿ ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮಿಟುಕಿಸದೆ ಕೇಳಿದ. ಎಣ್ಣೆಯನ್ನು ಸಾಬೂನಾಗಿಸುವುದು ಕಾಸ್ಟಿಕ್ ಸೋಡಾದ ನೀರು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ, ಕೆಲಸ ಬಯಲಿನಲ್ಲಿ. ಇಷ್ಟು ಹೇಳಿ ಧನ್ಯ ಒಂದು ಉಪಾಯ ಕೊಟ್ಟಳು: "ಪ್ರತಿ ಸಲ ಕಲಸುತ್ತಾ ಕೂರಬೇಕಾಗಿಲ್ಲ. ಒಂದೇ ಸಲ ಬಹಳ ಮಾಡಿ, ಆರಿಸಿ, ದಪ್ಪ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬಿಗಿಯಾಗಿ ಮುಚ್ಚಿ, ಹೆಸರು ಬರೆದು ಇಟ್ಟುಕೊಳ್ಳಬಹುದು. ಬೇಕೆಂದಾಗ ಅಳೆದು ತೆಗೆದರಾಯಿತು."

'ಒಂದೇ ಸಲ ಬಹಳ' ಎಂಬ ಮಾತು ಗುರುಮೂರ್ತಿಯ ಎದೆಗೆ ನೆಟ್ಟಗೆ ಹೋಗಿ ಕೂತಿತು. ಆ ಮೇಲೆ ಊಟದ ಹೊತ್ತಾಯಿತು. ಮೀನು ಸಾರು ಬಹಳ ಚೆನ್ನಾಗಿತ್ತು, ಅನ್ನವನ್ನು ಕೇಳಿದಷ್ಟು ಬಡಿಸಿದರು.

ಊಟದ ನಂತರದ ಪಾಠ ಪಾತ್ರೆಗಳ ಬಗ್ಗೆ. "ಸ್ಟೀಲ್ ಆಗಾಂ, ಪ್ಲಾಸ್ಟಿಕ್ ಆಗಾಂ," ಎಂದಳು ಧನ್ಯ ಮಲಯಾಳದಲ್ಲಿ, "ಅಲುಮಿನಿಯಂ ಪಾಡಿಲ್ಲ."

ಆಗಾಂ ಎಂದರೆ ಆಗಬಹುದು, ಪಾಡಿಲ್ಲ ಎಂದರೆ ಕೂಡದು. ಉಗುಳಬಾರದು, ಹೂ ಕೀಳಬಾರದು ಎಂದು ವಯನಾಡಿನ ಗೋಡೆಗಳ ಮೇಲೆಲ್ಲ ಇದೇ ಮಾತು ಬರೆದಿರುತ್ತದೆ. ಬಾವಲಿಯ ಕೂಸುಗಳಿಗೂ ಗೊತ್ತು. ಆದರೆ ಪಾಡು ಎಂಬುದಕ್ಕೆ ಆ ಭಾಷೆಯಲ್ಲಿ ಕಷ್ಟ ಎಂಬ ಅರ್ಥವೂ ಉಂಟು, ನಮ್ಮ ಭಾಷೆಯಲ್ಲಂತೂ ಉಂಟೇ ಉಂಟು. ಅರ್ಧ ಕಣ್ಣು ಮುಚ್ಚಿ ತೂಗುತ್ತಿದ್ದ ಗುರುಮೂರ್ತಿಯ ಕಿವಿಗೆ ಅದು 'ಅಲುಮಿನಿಯಂ ಆದರೆ ಏನೂ ಪಾಡಿಲ್ಲ, ಬಹಳ ಸಲೀಸು' ಎಂದು ಕೇಳಿಸಿತು. ಅವನು ನಿದ್ದೆಯಲ್ಲೇ ಒಪ್ಪಿ ತಲೆಯಾಡಿಸಿದ. ಸಂಜೆ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ಅದಕ್ಕೆ ಕಟ್ಟು ಹಾಕಿಸಿ ಜಗಲಿಯ ಗೋಡೆಗೆ ನೇತುಹಾಕಲು ಅವನ ಅಪ್ಪನ ಫೋಟೋ ಒಂದು ಮೊಳ ಪಕ್ಕಕ್ಕೆ ಸರಿಯಬೇಕಾಯಿತು.

ಸೋಡಾ ಮೂಟೆಯಲ್ಲಿ ಬಂತು. ತುಂಬಿಡಲು ಕ್ಯಾನುಗಳು ಬೇಕಲ್ಲ, ಅವನ್ನು ಆಕ್ರಿ ಸಾಮಾನಿನ ಷಿಬುವಿನಿಂದ ಕೊಂಡ. ಆಕ್ರಿ ಎಂದರೆ ಗುಜರಿ. ಷಿಬು ಆಟೋದಲ್ಲಿ ಮೈಕು ಕಟ್ಟಿಕೊಂಡು ಹಳೇ ಕಬ್ಬಿಣ, ಹಳೇ ಪಾತ್ರೆ ಎಂದು ಕೂಗುತ್ತಾ ಊರೂರು ಸುತ್ತುವವನು. ಇನ್ನು ಕಲಸಲು ದೊಡ್ಡ ಪಾತ್ರೆ. ಮನೆಯಲ್ಲಿದ್ದ ಪ್ಲಾಸ್ಟಿಕ್ ಬಕೆಟುಗಳು ಗುರುಮೂರ್ತಿಯ ಕಣ್ಣಿಗೆ ಬಹಳ ಸಣ್ಣವಾಗಿ ಕಂಡವು. ಅವನು ನೇರ ಲೀಲೇಚಿಯ ಮನೆಗೆ ಹೋಗಿ ಅಯಲ್‌ಕೂಟದ ಬಿರಿಯಾನಿ ಚೆಂಬನ್ನು ಕೇಳಿದ.

ಅಯಲ್‌ಕೂಟವೆಂದರೆ ನೆರೆಮನೆ ಹೆಂಗಸರ ಸಂಘ. ಊರಿಗೆಲ್ಲ ಚೇಚಿ, ಎಂದರೆ ಅಕ್ಕ, ಆಗಿದ್ದ ಲೀಲೇಚಿ ಅದರ ಅಧ್ಯಕ್ಷೆ, ವೀಣಾ ಒಬ್ಬ ಸದಸ್ಯೆ. ಇನ್ನು ಚೆಂಬು ಎಂದೊಡನೆ ಕೈಯಲ್ಲಿ ಹಿಡಿಯುವ ಚೊಂಬನ್ನು ಯಾರೂ ಕಲ್ಪಿಸಿಕೊಳ್ಳಬಾರದು. ಇಲ್ಲಿ ಚೆಂಬೆಂದರೆ ಊರಿಗೆಲ್ಲ ಅಡುಗೆ ಬೇಯುವ, ತೊಳೆಯಬೇಕಾದರೆ ಒಬ್ಬರು ಒಳಕ್ಕೆ ಇಳಿಯಬೇಕಾದಂಥ ಅಲುಮಿನಿಯಂ ಪಾತ್ರೆ. ಸಂಘದ ಹೆಂಗಸರು ಮೂರು ಓಣಂ ಕಾಲ ಚಿಪ್ಸು ಕರಿದು ಮಾರಿ ಅದನ್ನು ಕೊಂಡಿದ್ದರು. ಅಂಗಡಿಯಲ್ಲಿದ್ದ ಒಂದೊಂದು ಚೆಂಬನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಇದೇ ಆಗಬೇಕು ಎಂದು ಆರಿಸಿದವರು ಲೀಲೇಚಿ. ಆ ಚೆಂಬಿನ ಮೇಲೆ ಅವರಿಗಿದ್ದ ಅಭಿಮಾನ ಮಕ್ಕಳ ಮೇಲೂ ಇತ್ತೋ ಇಲ್ಲವೋ.

"ಎಂತ ಮಾಡ್ಲಿಕ್ಕೆ?" ಎಂದರು.

"ಸ್ವಲ್ಪ ನೀರು ಕಾಯಿಸೋದಿದೆ ಲೀಲೇಚಿ," ಎಂದ ಗುರುಮೂರ್ತಿ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಹಿತ್ತಲಲ್ಲಿ, ಸುವರ್ಣಗಡ್ಡೆಯ ಪಾತಿಯ ಪಕ್ಕ ಚೆಂಬು ಕೂತಿತು. ಗುರುಮೂರ್ತಿ ಗ್ಲೌಸು ತೊಟ್ಟ, ಕನ್ನಡಕ ಹಾಕಿದ, ಚೆಂಬಿನ ಹೆಗಲಿನವರೆಗೆ ನೀರು ತುಂಬಿಸಿದ. ನೀರಿಗೇ ಸೋಡಾ ಸುರಿದ, ಉದ್ದ ಕೋಲಿನಿಂದ ತಿರುವಿದ. ಧನ್ಯ ಹೇಳಿದ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದ, ಒಂದನ್ನು ಬಿಟ್ಟು.

ಮೊದಲು ಸಣ್ಣ ಸದ್ದು ಬಂತು, ದೋಸೆ ಹುಯ್ದ ಹಾಗೆ. ಆಮೇಲೆ ಗುಳ್ಳೆ. ಆಮೇಲೆ ಬೂದುಬಣ್ಣದ ನೊರೆ ಉಕ್ಕಿ ಬುಸುಗುಟ್ಟತೊಡಗಿತು.

"ನೋಡೇ! ಬೆಂಕಿ ಇಲ್ದೆ ಕುದೀತದೆ!" ಎಂದು ಗುರುಮೂರ್ತಿ ಹಿಗ್ಗಿದ.

"ಬೆಂಕಿ ಇಲ್ದೆ ಕುದಿಯೋದು ಏನು ಅಂತ ಮೊದ್ಲು ಕೇಳ್ಕೊಳಿ!" ಎಂದು ವೀಣಾ ಅವನ ಲುಂಗಿ ಹಿಡಿದೆಳೆದು ಹಲಸಿನ ಮರದವರೆಗೆ ದರದರನೆ ಕರೆದೊಯ್ದಳು. ಗಂಟಲು ಸುಡುವ ಹೊಗೆಯಂಥದ್ದು ಹಿತ್ತಲು ತುಂಬಿತು. ಏನನ್ನಿಸಿತೋ, ಅವಳು ಹಿಂದಕ್ಕೆ ಓಡಿ ಅಡುಗೆಮನೆಯ ಒಲೆಗೆ ನೀರು ಸುರಿದು ಬಂದಳು. ಆ ಆವಿಗೆ ಕಿಡಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ. ಒಲೆ ಆರಿಸಿದ್ದರಿಂದ ಮನೆ ಉಳಿಯಿತು ಎಂದು ಆಮೇಲೆ ಗೊತ್ತಾಯಿತು.

ಇಬ್ಬರೂ ಮರದಡಿ ನಿಂತು ನೋಡುತ್ತಿರುವಾಗಲೇ ಚೆಂಬು ನಿಟ್ಟುಸಿರು ಬಿಟ್ಟಂತೆ ಕುಸಿಯಿತು. ಕಪ್ಪು ನೀರು ಪಾತಿಗೆ ಹರಿದು ಸುವರ್ಣಗಡ್ಡೆಯ ಗಿಡಗಳು ಬಾಡಿ ಬಿದ್ದವು. ಸದ್ದೆಲ್ಲ ಅಡಗಿದ ಮೇಲೆ ಹೋಗಿ ನೋಡಿದರೆ ತಳವಿಲ್ಲ; ಹೊಟ್ಟೆ ಹಪ್ಪಳದಷ್ಟು ತೆಳ್ಳಗಾಗಿ ಕೋಲು ಮುಟ್ಟಿಸಿದಲ್ಲೆಲ್ಲ ಉದುರಿತು. ಉಳಿದದ್ದು ಬಾಯಿಯ ಸುತ್ತಿನ ಬಳೆ, ಅದರ ಎರಡು ಕಿವಿ. ಉದುರಿದ್ದನ್ನೆಲ್ಲ ಗುರುಮೂರ್ತಿ ಕರಿ ಕೆಸರಿನ ಜತೆಗೇ ಗುಂಡಿ ತೋಡಿ ಮುಚ್ಚಿದ.

ವೀಣಾ ಧನ್ಯಳಿಗೆ ಫೋನು ಮಾಡಿದಳು. ಫೋನಿನೊಳಗಿಂದ ಬಂದ ಕಿರುಚಾಟ ಜಗಲಿಗೂ ಕೇಳಿಸಿತು.

"ಅಲುಮಿನಿಯಂ ಕೂಡದು ಅಂತ ಹೇಳಿದ್ರಂತೆ. ಸೋಡಾ ಅದನ್ನ ತಿಂದುಹಾಕ್ತದಂತೆ. ನೀವು ಮುಂದಿನ ಸಾಲಲ್ಲಿ ಕೂತು ತಲೆ ಆಡಿಸ್ತಿದ್ರಂತೆ."

ಗುರುಮೂರ್ತಿ ಗೋಡೆಯ ಮೇಲಿನ ಪ್ರಮಾಣಪತ್ರವನ್ನು ನೋಡಿದ. ಅದರಲ್ಲಿ 'ಯಶಸ್ವಿಯಾಗಿ' ಎಂದಿತ್ತು. "ಆ ಹುಡುಗಿಗೇನು ಗೊತ್ತು," ಎಂದ. "ಚೆಂಬೇ ಕಲಬೆರಕೆ. ಒಳ್ಳೇ ಮಾಲಾಗಿದ್ರೆ ಹೀಗೆ ಕರಗ್ತಿತ್ತಾ? ನೀನು ಈ ಫೋನಿನ ವಿಷ್ಯ ಯಾರ ಹತ್ರನೂ ಎತ್ತಬೇಡ."

ವೀಣಾ ಮಾತು ಕೊಟ್ಟಳು. ಕೊಟ್ಟದ್ದು ತಪ್ಪಾಯಿತು ಎಂದು ಅದೇ ಭಾನುವಾರ ಅವಳಿಗೆ ಅನ್ನಿಸಿತು.

ಭಾನುವಾರ ಮಧ್ಯಾಹ್ನ ಲೀಲೇಚಿಯ ಅಂಗಳದಲ್ಲಿ ಅಯಲ್‌ಕೂಟ ಸೇರಿತ್ತು. ಗುರುಮೂರ್ತಿ ಅಲುಮಿನಿಯಂ ಬಳೆಯನ್ನು ಹೆಗಲಿಗೆ ಹಾಕಿಕೊಂಡು ಬಂದು ಅವರ ನಡುವೆ ಇಳಿಸಿದ.

"ಇದೆಂತ?" ಎಂದರು ಲೀಲೇಚಿ.

"ಚೆಂಬು."

"ಇದು ಚೆಂಬಿನ ಬಾಯಿ. ಬಾಕಿ ಎವಿಡೆ, ಎಲ್ಲಿ?"

"ಬಾಕಿ ಕರಗೋಯ್ತು ಲೀಲೇಚಿ. ಸೋಪಿನ ಸೋಡಾ ಹಾಕಿದ್ದೆ."

"ಕರಗ್ಲಿಕ್ಕೆ ಅದೇನು ಬೆಲ್ಲವಾ?"

ಇಲ್ಲಿಗೆ ನಿಲ್ಲಿಸಿ, ತಪ್ಪಾಯಿತು, ಹೊಸದು ತಂದುಕೊಡುತ್ತೇನೆ ಎಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪ್ರಮಾಣಪತ್ರ ಪಡೆದವನ ಬಾಯಿ ಸುಮ್ಮನಿರುವುದಿಲ್ಲ. "ಒಳ್ಳೇ ಮಾಲಾಗಿದ್ರೆ ಕರಗ್ತಿರಲಿಲ್ಲ ಚೇಚಿ," ಎಂದ ಗುರುಮೂರ್ತಿ ಅನುಕಂಪದ ದನಿಯಲ್ಲಿ. "ಅಂಗಡಿಯವನು ನಿಮಗೆ ಟೋಪಿ ಹಾಕಿದಾನೆ."

ಲೀಲೇಚಿಯ ಮೂಗಿನ ಹೊಳ್ಳೆ ಅಗಲವಾಯಿತು. ಆ ಹೊತ್ತಿಗೆ ಸರಿಯಾಗಿ ಸದಸ್ಯೆ ಶೀಜ ಎಂಬಾಕೆಗೆ ಒಂದು ಸಂಗತಿ ನೆನಪಾಯಿತು. "ಬುಧವಾರ ಷಿಬುವಿನ ಆಕ್ರಿ ಆಟೋ ಇವರ ಮನೆ ಮುಂದೆ ನಿಂತಿತ್ತು. ನಾನೇ ಕಂಡೆ. ಬಹಳ ಹೊತ್ತು."

"ಓಹೋ!" ಎಂದರು ಲೀಲೇಚಿ. "ಕರಗಿದ್ದಲ್ಲ. ಮಾರಿದ್ದು!"

ಷಿಬುವನ್ನು ಫೋನು ಮಾಡಿ ಕರೆಸಿದರು. ಅವನು ಆಟೋ ನಿಲ್ಲಿಸಿ, ಮೈಕು ಆರಿಸಲು ಮರೆತು, ಇಡೀ ಬಾವಲಿಗೆ ಕೇಳುವಂತೆ ಸಾಕ್ಷಿ ಹೇಳಿದ: "ನಾನು ಕ್ಯಾನ್ ಕೊಟ್ಟದ್ದು! ಚೆಂಬು ತಗೊಂಡೇ ಇಲ್ಲ! ತಗೊಂಡಿದ್ರೆ ಬಾಯಿ ಯಾಕೆ ಬಿಡ್ತೇನೆ? ಅದೂ ತೂಕ ಅಲ್ವಾ?"

ಇದಕ್ಕಿಂತ ನೇರವಾದ ವಾದವನ್ನು ಯಾವ ವಕೀಲನೂ ಮಂಡಿಸಲಾರ. ಆದರೆ ಆಕ್ರಿಯವನ ಮಾತಿಗೆ ಅಂಗಳದಲ್ಲಿ ಯಾರೂ ತಲೆದೂಗಲಿಲ್ಲ. ವೀಣಾ ಮಾತ್ರ ಎದ್ದು ನಿಂತಳು.

"ಲೀಲೇಚಿ, ಇವ್ರು ದಡ್ಡರು ಅಂತ ಬೇಕಾದ್ರೆ ಹೇಳಿ, ನಾನೂ ಸಹಿ ಹಾಕ್ತೀನಿ. ಕಳ್ಳರು ಅಂತ ಅನ್ನಬೇಡಿ. ಕಳ್ಳತನ ಮಾಡೋಕೆ ಬೇಕಾದಷ್ಟು ಬುದ್ಧಿ ಇವರಿಗಿಲ್ಲ."

"ಇದೆ!" ಎಂದು ಗುರುಮೂರ್ತಿ ಗುಡುಗಿದ. ಆಮೇಲೆ ತಾನು ಏನಂದೆ ಎಂದು ಯೋಚಿಸಿದ. ಅಷ್ಟರಲ್ಲಿ ತಡವಾಗಿತ್ತು.

ಹೀಗೆ ಊರು ಎರಡಾಯಿತು ಎಂದು ಹೇಳುವ ಹಾಗಿಲ್ಲ. ಒಂದು ಕಡೆ ಊರು, ಇನ್ನೊಂದು ಕಡೆ ಗುರುಮೂರ್ತಿ. ರಾಜಿ ಮಾಡಿಸಲು ಹೊರಟವರು ಚಹಾದಂಗಡಿಯ ಕುಞ್ಞಿರಾಮನ್. ಜಗಳವಿದ್ದರೆ ಚಹಾ ಹೆಚ್ಚು ಖರ್ಚಾಗುತ್ತದೆಂದು ಗೊತ್ತಿದ್ದೂ ರಾಜಿಗೆ ಹೊರಟರೆಂದರೆ ಎಷ್ಟು ದೊಡ್ಡ ಮನಸ್ಸಿನವರೋ.

"ನೋಡು ಮೋನೇ," ಎಂದರು ಅವರು, ಗುರುಮೂರ್ತಿಯನ್ನು ಮಗನೆಂದು ಕರೆದು. "ಒಂದು ಹೊಸ ಚೆಂಬು ತಂದಿಡು. ಏನೋ ಕೈತಪ್ಪಿ ಮಾರಿದೆ ಅಂತ ಒಂದು ಮಾತು ಹೇಳು. ಮುಗೀತು."

"ಚೆಂಬು ಇವತ್ತೇ ತರ್ತೀನಿ ಕುಞ್ಞಿರಾಮೇಟ್ಟ. ಆ ಒಂದು ಮಾತು ಮಾತ್ರ ನಾನು ಸತ್ತರೂ ಹೇಳಲ್ಲ."

ತಂದ. ಮೊದಲಿನದಕ್ಕಿಂತ ದೊಡ್ಡದನ್ನೇ ತಂದ. ಕಂಪನಿಯ ಚೀಟಿ ಹೊಳೆಯುತ್ತಿತ್ತು. ಜೀಪಿನ ಮೇಲೆ ಕಟ್ಟಿಸಿಕೊಂಡು ಬಂದು ಲೀಲೇಚಿಯ ಅಂಗಳದಲ್ಲಿ ಇಳಿಸಿ, ಬೆನ್ನು ತಿರುಗಿಸಿ ಹೋದ. ಲೀಲೇಚಿಯ ಹಟವೂ ಕಡಿಮೆಯದಲ್ಲ. "ಕದ್ದವನು ತಪ್ಪೊಪ್ಪದೆ ಕೊಟ್ಟದ್ದನ್ನು ತಗೊಂಡ್ರೆ ನಮ್ಮ ಚೆಂಬು ಕಲಬೆರಕೆ ಅಂತ ನಾವೇ ಒಪ್ಪಿದ ಹಾಗೆ," ಎಂದು ಶೀಜಳನ್ನು ಜತೆಗೆ ಕರೆದುಕೊಂಡು, ಚೆಂಬನ್ನು ರಸ್ತೆಯಲ್ಲಿ ಗಡಗಡ ಉರುಳಿಸಿಕೊಂಡು ಬಂದು ಗುರುಮೂರ್ತಿಯ ಗೇಟಿನ ಒಳಕ್ಕೆ ನೂಕಿದರು. ಅವನು ಅದನ್ನು ತಲೆಯ ಮೇಲೆ ಹೊತ್ತು ವಾಪಸು ಒಯ್ದ. ಅವರು ಮತ್ತೆ ಉರುಳಿಸಿದರು. ಚೆಕ್‌ಪೋಸ್ಟಿನ ಗಾರ್ಡುಗಳು ಗೇಟು ಎತ್ತುವುದನ್ನು ಬಿಟ್ಟು ಇದನ್ನೇ ನೋಡುತ್ತ ನಿಂತರು. ಕೊನೆಗೆ ಚೆಂಬು ಯಾರ ಕಡೆಗೂ ಸೇರದೆ ಕುಞ್ಞಿರಾಮನ್ನರ ಅಂಗಡಿಯ ಮುಂದೆ, ನಡುಬಯಲಿನಲ್ಲಿ ಅನಾಥವಾಗಿ ಕೂತಿತು. ಆಡುಗಳು ಅದರ ನೆರಳಿನಲ್ಲಿ ಮಲಗತೊಡಗಿದವು.

ಈ ನಡುವೆ ಸುದ್ದಿ ಗಡಿ ದಾಟಿ ಅಂತರಸಂತೆಯಲ್ಲಿರುವ ವೀಣಾಳ ಸೋದರಮಾವ ದೇವಯ್ಯನವರಿಗೆ ಮುಟ್ಟಿತು. ದೇವಯ್ಯನವರು ಸಾಧು ಮನುಷ್ಯ. ಅವರು ಗುರುಮೂರ್ತಿಗೆ ಫೋನು ಮಾಡಿದರು.

"ಏನಪ್ಪಾ ಇದು? ಒಂದು ಚೆಂಬಿಗೋಸ್ಕರ ಊರಲ್ಲಿ ಮುಖ ಎತ್ತದ ಹಾಗಾಗಿದೆಯಂತೆ?"

"ಚೆಂಬಿನ ಪ್ರಶ್ನೆ ಅಲ್ಲ ಮಾವ, ಮಾನದ ಪ್ರಶ್ನೆ."

"ಮಾನ ಆಮೇಲೆ ನೋಡೋಣ. ಚೆಂಬು ನಾನು ಕಳಿಸ್ತೀನಿ. ಒಂದಲ್ಲ, ಎರಡು. ಆ ಅಮ್ಮನ ಹೆಸರು ಹೇಳು."

ಮಾವನ ಔದಾರ್ಯಕ್ಕೆ ಗುರುಮೂರ್ತಿಯ ಕಣ್ಣು ತುಂಬಿ ಬಂತು. ಎರಡು ಬಿರಿಯಾನಿ ಚೆಂಬು ಕಳಿಸುವ ಮಾವ ಯಾರಿಗಿದ್ದಾನೆ? ಅವನು ಹೆಸರು ಹೇಳಿದ.

ಮರುದಿನ ಮೈಸೂರು ಬಸ್ಸಿನ ಕಂಡಕ್ಟರು ಲೀಲೇಚಿಯ ಹೆಸರು ಕೂಗಿ ಒಂದು ಪೊಟ್ಟಣ ಕೊಟ್ಟ. ಬಿಚ್ಚಿದರೆ ಎರಡು ಸ್ಟೀಲಿನ ಚೊಂಬು. ಸ್ನಾನದ ಮನೆಯಲ್ಲಿ ನೀರು ಹುಯ್ದುಕೊಳ್ಳುವಂಥವು. ಜತೆಗೆ ಕುಂಕುಮ, ಎಲೆ, ಅಡಿಕೆ.

ಲೀಲೇಚಿ ಒಂದೊಂದು ಕೈಯಲ್ಲಿ ಒಂದೊಂದು ಚೊಂಬು ಹಿಡಿದು ಬಹಳ ಹೊತ್ತು ನಿಂತಿದ್ದರಂತೆ. ಆಮೇಲೆ ಹಾಗೆಯೇ, ಎರಡು ಕೈಯಲ್ಲೂ ಚೊಂಬು ಹಿಡಿದುಕೊಂಡೇ, ಸಿಕ್ಕಿದ ಜೀಪು ಹತ್ತಿ ಪೊಲೀಸ್ ಸ್ಟೇಷನ್ನಿಗೆ ಹೋದರು.

ಈ ದಿನಗಳಲ್ಲಿ ವೀಣಾ ಏನು ಮಾಡುತ್ತಿದ್ದಳು? ಮೂಟೆಯಲ್ಲಿ ಇನ್ನೂ ಅರ್ಧ ಸೋಡಾ ಉಳಿದಿತ್ತು. ಗಂಡ ಚೆಂಬು ಹೊತ್ತು ರಸ್ತೆಯಲ್ಲಿ ಓಡಾಡುತ್ತಿದ್ದಾಗ ಅವಳು ಧನ್ಯಳನ್ನು ಫೋನಿನಲ್ಲಿ ಕೇಳಿಕೊಂಡು, ಪ್ಲಾಸ್ಟಿಕ್ ಬಕೆಟಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ನೀರಿಗೆ ಸೋಡಾ ಬಿಟ್ಟು, ಒಂದು ರಾತ್ರಿ ಆರಿಸಿ, ಷಿಬುವಿನ ಕ್ಯಾನುಗಳಿಗೆ ತುಂಬಿದ್ದಳು. ಪ್ರತಿ ಕ್ಯಾನಿನ ಮೇಲೂ ಕನ್ನಡದಲ್ಲಿ, ಮಲಯಾಳದಲ್ಲಿ 'ಮುಟ್ಟಬೇಡಿ, ವಿಷ' ಎಂದು ಬರೆದು, ಓದಲು ಬಾರದವರಿಗೆಂದು ಶಾಲೆಗೆ ಹೋಗುವ ಮಗಳ ಕೈಯಿಂದ ಬರೆಸಿದ ತಲೆಬುರುಡೆಯ ಚಿತ್ರ ಅಂಟಿಸಿ, ಹಸುವಿನ ಹಳೇ ಕೊಟ್ಟಿಗೆಯಲ್ಲಿಟ್ಟು ಬೀಗ ಜಡಿದಿದ್ದಳು. ಗುರುಮೂರ್ತಿ ಅದನ್ನು ಕಂಡು, ತಲೆಬುರುಡೆ ತನ್ನ ಮುಖದ ಹಾಗಿದೆಯೆಂದು ಮಾತ್ರ ಆಕ್ಷೇಪಿಸಿದ.

ಮುಂದಿನ ವಾರದ ಮಂಗಳವಾರ ಎ.ಎಸ್.ಐ. ಸುಧೀಶ್ ಜೀಪಿನಲ್ಲಿ ಬಂದರು. ವಿಚಾರಣೆ ಚಹಾದಂಗಡಿಯ ಮುಂದೆ, ಅನಾಥ ಚೆಂಬಿನ ಪಕ್ಕದಲ್ಲಿ ನಡೆಯಿತು. ಊರೆಲ್ಲ ನೆರೆದಿತ್ತು.

"ಸೋಪು ಚೆಂಬನ್ನು ತಿಂದಿತು ಅಂತ ಹೇಳಿಕೆ ಕೊಡ್ತೀಯಾ?" ಎಂದು ಸುಧೀಶ್ ಸಾರ್ ಮಲಯಾಳದಲ್ಲಿ ಕೇಳಿದರು.

"ಸೋಪಲ್ಲ ಸಾರ್. ಸೋಪು ಹುಟ್ಟೋದಕ್ಕೆ ಮುಂಚಿನದು."

"ಅದೆಂತದ್ದು?"

"ಸೋಡಾ ನೀರು."

"ಸೋಡಾ ನಾನು ದಿನಾ ಕುಡೀತೇನೆ," ಎಂದರು ಸಾರ್. ಜನ ನಕ್ಕರು. ಲೀಲೇಚಿ ಎರಡು ಚೊಂಬನ್ನೂ ಮೇಲೆತ್ತಿ ತೋರಿಸಿದರು. "ಸಾರ್, ನನ್ನ ಚೆಂಬನ್ನು ಕಲಬೆರಕೆ ಅಂದ. ಮತ್ತೆ ಇದನ್ನು ಕಳಿಸಿದ. ಇದರಲ್ಲಿ ಊರಿಗೆ ಬಿರಿಯಾನಿ ಬೇಯಿಸಬೇಕಂತೆ, ಒಬ್ಬೊಬ್ಬರಿಗೆ ಒಂದೊಂದು ಕಾಳು!"

ಗುರುಮೂರ್ತಿ ಮೊದಲ ಸಲ ಚೊಂಬುಗಳನ್ನು ನೋಡಿದ. ಮಾವನ ಔದಾರ್ಯದ ಅಳತೆ ಅವನಿಗೆ ಆಗ ತಿಳಿಯಿತು. ಆದರೂ ಎದೆ ಸೆಟೆಸಿದ. "ಸಾರ್, ನಾನು ಮಾರಿಲ್ಲ. ಈಗ ಇಲ್ಲೇ, ಎಲ್ಲರ ಮುಂದೆ ಕರಗಿಸಿ ತೋರಿಸ್ತೀನಿ. ಯಾರಾದ್ರೂ ಒಂದು ಅಲುಮಿನಿಯಂ ಪಾತ್ರೆ ಕೊಡಿ."

ಯಾರೂ ಅಲುಗಾಡಲಿಲ್ಲ.

"ಕರಗೋದೇ ಸುಳ್ಳು ಅಂತ ಇಷ್ಟು ದಿನ ಕೂಗಿದ್ರಲ್ಲ! ಸುಳ್ಳಾದ್ರೆ ಭಯ ಏನು? ಕೊಡಿ!"

ಕುಞ್ಞಿರಾಮನ್ ಚಹಾ ಕೆಟಲನ್ನು ಕಾಲಿನಿಂದ ಮೆಲ್ಲಗೆ ಬೆಂಚಿನ ಕೆಳಕ್ಕೆ ನೂಕಿದರು. ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಶೀಜ ಅದನ್ನು ಸೆರಗಿನೊಳಗೆ ಸೇರಿಸಿಕೊಂಡು, ಇದು ಅತ್ತೆಯದು, ಅವರನ್ನು ಕೇಳಬೇಕು ಎಂದಳು. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಊರಿನ ನಂಬಿಕೆ ಎಷ್ಟು ಗಟ್ಟಿ ಎಂಬುದು ಹೀಗೆ ತೂಕಕ್ಕೆ ಬಿದ್ದಾಗ ಉಳಿದದ್ದು ಯಾರಿಗೂ ಸೇರದ ಒಂದೇ ಒಂದು ಪಾತ್ರೆ. ಎಲ್ಲರ ಕಣ್ಣೂ ಅದರತ್ತ ತಿರುಗಿತು. ಹೊಸ ಚೆಂಬು ಬಿಸಿಲಿನಲ್ಲಿ ಹೊಳೆಯುತ್ತಿತ್ತು.

ವೀಣಾ ಗಂಡನ ಪಕ್ಕಕ್ಕೆ ಬಂದು, ಅವನಿಗೆ ಮಾತ್ರ ಕೇಳುವಂತೆ ಹೇಳಿದಳು: "ಸರಿಯಾಗಿ ಯೋಚ್ನೆ ಮಾಡಿ. ಇದು ಕಂಪನಿ ಮಾಲು, ನೀವೇ ಆರಿಸಿ ತಂದದ್ದು. ಕರಗದಿದ್ರೆ ನೀವು ಕಳ್ಳರು. ಕರಗಿದ್ರೆ ಲೀಲೇಚಿಯ ಚೆಂಬೂ ಒಳ್ಳೇದೇ ಆಗಿತ್ತು ಅಂತ ಆಗ್ತದೆ, ನೀವು ದಡ್ಡರು. ಎರಡರಲ್ಲಿ ಯಾವ್ದು ಬೇಕು?"

ಗುರುಮೂರ್ತಿ ಅಷ್ಟು ಹೊತ್ತು ಯಾವ ವಿಷಯವನ್ನೂ ಯೋಚಿಸಿದ್ದು ಅವನ ಜೀವನದಲ್ಲೇ ಇರಲಿಲ್ಲ. ಆಡುಗಳು ಎದ್ದು ಹೋದವು. ಸುಧೀಶ್ ಸಾರ್ ಗಡಿಯಾರ ನೋಡಿದರು. ಕೊನೆಗೆ ಅವನು ತಲೆಯೆತ್ತಿ, ಹೆಂಡತಿಗೆ ಮಾತ್ರವಲ್ಲ, ಇಡೀ ಬಾವಲಿಗೆ ಕೇಳುವಂತೆ ಕೂಗಿದ:

"ದಡ್ಡ! ತಗೊಂಡು ಬಾ ಕ್ಯಾನು!"

ವೀಣಾ ಕ್ಯಾನುಗಳನ್ನು ತಂದಳು. ತಲೆಬುರುಡೆ ಕಂಡು ಜನ ತಾವಾಗಿಯೇ ಹಿಂದೆ ಸರಿದರು. ಅವಳು ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ ಎಲ್ಲರನ್ನೂ ಇನ್ನೊಂದು ಕಡೆಗೆ ಅಟ್ಟಿದಳು, ಬಾವಿಯಿಂದ ದೂರಕ್ಕೆ ಚೆಂಬನ್ನು ಉರುಳಿಸಿ ಹಳೇ ಕ್ವಾರಿ ಗುಂಡಿಯ ಬಾಯಲ್ಲಿ ನಿಲ್ಲಿಸಿದಳು, ಬೀಡಿಗಳನ್ನು ಆರಿಸಿದಳು. "ಒಲೆ!" ಎಂದಾಗ ಕುಞ್ಞಿರಾಮನ್ ತಮ್ಮ ಅಂಗಡಿಯ ಒಲೆಗೆ ತಾವೇ ನೀರು ಹುಯ್ದರು. ಸುಧೀಶ್ ಸಾರ್ ಕೂಡ ಜೇಬಿನಲ್ಲಿದ್ದ ಲೈಟರನ್ನು ತೆಗೆದು ಜೀಪಿನೊಳಗೆ ಇಟ್ಟು ಬಂದರು.

ಗುರುಮೂರ್ತಿ ಗ್ಲೌಸು ತೊಟ್ಟು ಕ್ಯಾನು ಎತ್ತಿದ. ಅಷ್ಟರಲ್ಲಿ ಲೀಲೇಚಿ ಮುಂದೆ ಬಂದು ಚೆಂಬನ್ನು ಬೆರಳ ಗೆಣ್ಣಿನಿಂದ ಬಡಿದರು. ಅದು ಗಂಟೆಯ ಹಾಗೆ ನಾದ ಕೊಟ್ಟಿತು. ಅವರ ಮುಖ ಬದಲಾಯಿತು.

"ಗುರುಮೂರ್ತಿ, ಇದು ಚೊಕ್ಕ ಮಾಲು. ಹಾಳು ಮಾಡಬೇಡ. ನೀನು ಮಾರಿಲ್ಲ ಅಂತಲೇ ಇರಲಿ. ಇದನ್ನು ನಾವು ತಗೊಳ್ತೇವೆ. ಹೋಗಲಿ ಬಿಡು."

ಜನ ನೆಮ್ಮದಿಯ ಉಸಿರು ಬಿಟ್ಟರು. ಸುಧೀಶ್ ಸಾರ್ ಜೀಪಿನ ಕಡೆ ತಿರುಗಿದರು. ವೀಣಾ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದಳು.

"ಬೇಡ ಲೀಲೇಚಿ," ಎಂದ ಗುರುಮೂರ್ತಿ. "ಪಾತ್ರೆ ಮೇಲಿನ ಆಸೆಗೆ ನನ್ನನ್ನ ಬಿಡಬೇಡಿ. ಹೋಗಲಿ ಅಂತ ಬಿಟ್ಟದ್ದು ಹೋಗಲ್ಲ. ನಾಳೆ ನನ್ನ ಮಗಳು ಈ ದಾರೀಲಿ ಶಾಲೆಗೆ ಹೋಗುವಾಗ ಚೆಂಬು ಮಾರಿದವನ ಮಗಳು ಅಂತ ಒಬ್ಬ ಅಂದರೂ ನಾನು ಸತ್ತ ಹಾಗೆ. ಕಣ್ಣಾರೆ ನೋಡಿ. ನೋಡಿ ಆಮೇಲೆ ಬಿಡಿ."

ಲೀಲೇಚಿ ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಮೂರು ಹೆಜ್ಜೆ ಹಿಂದೆ ಸರಿದು, ಸೆರಗು ಸೊಂಟಕ್ಕೆ ಬಿಗಿದು, "ಒಯಿಕ್ಕ್!" ಎಂದರು. ಸುರಿ ಎಂದು.

ಸುರಿದ. ಒಂದು ಕ್ಯಾನು, ಇನ್ನೊಂದು ಕ್ಯಾನು. ಮೊದಲಿಗೆ ಏನೂ ಆಗಲಿಲ್ಲ. ಜನರಲ್ಲಿ ಯಾರೋ ಕಿಸಕ್ಕೆಂದರು. ಶೀಜ "ನೋಡಿದ್ರಾ" ಎನ್ನಲು ಬಾಯಿ ತೆರೆದಳು. ಆಗ ಚೆಂಬಿನೊಳಗಿಂದ ದೋಸೆ ಹುಯ್ದ ಸದ್ದು ಬಂತು. ಗುಳ್ಳೆ ಎದ್ದಿತು. ನೊರೆ ಉಕ್ಕಿತು, ಬುಸುಗುಟ್ಟಿತು, ಹೊರಗಿನ ಹೊಳಪು ಮಂಕಾಯಿತು. ಕಂಪನಿಯ ಚೀಟಿ ಸುರುಳಿ ಸುತ್ತಿಕೊಂಡು ಕಳಚಿ ಬಿತ್ತು. ಊರು ಬಾಯಿ ತೆರೆದು ನಿಂತಿತು. ಆಮೇಲೆ ತಳ ಕಳಚಿತು, ಕಪ್ಪು ನೀರು ಗುಂಡಿಗೆ ಇಳಿಯಿತು, ಹೊಟ್ಟೆ ಹಪ್ಪಳವಾಗಿ ಉದುರಿ ಅದರ ಹಿಂದೆಯೇ ಹೋಯಿತು.

"ಎಂಡೆ ದೈವಮೇ!" ಎಂದರು ಕುಞ್ಞಿರಾಮನ್.

"ಈಗ ನಂಬ್ತೀರಾ, ತೂಕ ಬಿಡೋನಲ್ಲ ನಾನು!" ಎಂದು ಷಿಬು ಹಿಂದಿನಿಂದ ಕೂಗಿದ.

ಗುರುಮೂರ್ತಿ ಗ್ಲೌಸು ಕಳಚಿ ಲೀಲೇಚಿಯ ಮುಂದೆ ಬಂದು ನಿಂತ. "ನಿಮ್ಮ ಚೆಂಬು ಕಲಬೆರಕೆ ಆಗಿರಲಿಲ್ಲ ಚೇಚಿ. ಚೊಕ್ಕ ಮಾಲು. ನಾನು ಪಾಠದಲ್ಲಿ ನಿದ್ದೆ ಮಾಡಿದ್ದೆ. ನಾಳೆ ಮಾನಂತವಾಡಿಗೆ ಹೋಗಿ ಇನ್ನೊಂದು ತರ್ತೀನಿ."

"ನೀನು ಒಬ್ಬನೇ ಹೋಗಬೇಡ, ನಾನೂ ಬರ್ತೇನೆ. ಬಡಿದು ನೋಡಿ ಆರಿಸ್ಲಿಕ್ಕೆ ನಿನಗೆ ಗೊತ್ತಿಲ್ಲ," ಎಂದರು ಲೀಲೇಚಿ. ಆಮೇಲೆ ಜನರ ಕಡೆ ತಿರುಗಿ, "ಕೇಳಿದ್ರಲ್ಲ ಎಲ್ಲರೂ? ಇವನು ಮಾರಿಲ್ಲ. ಇನ್ನು ಯಾರ ಬಾಯಲ್ಲಾದ್ರೂ ಆ ಮಾತು ಬಂದ್ರೆ ನಾನು ವಿಚಾರಿಸ್ತೇನೆ!" ಎಂದರು. ವಿಚಾರಿಸುವಾಗ ಅವರ ಎರಡೂ ಕೈಯಲ್ಲಿ ಚೊಂಬು ಇದ್ದೀತೆಂದು ಊರಿಗೆ ಅರ್ಥವಾಯಿತು.

ಎಲ್ಲವೂ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸರ್ಕಾರದ ಕೆಲಸ ಉಳಿದಿತ್ತಲ್ಲ. ಸುಧೀಶ್ ಸಾರ್ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಬರೆಯತೊಡಗಿದರು. "ದೂರು ವಾಪಸ್. ಚೆಂಬು ಕಳೆದುಹೋಗಿದೆ."

"ಕಳೆದುಹೋಗಿಲ್ಲ ಸಾರ್," ಎಂದ ಗುರುಮೂರ್ತಿ. "ಕರಗಿತು ಅಂತ ಬರೀರಿ."

"ಎಲ್ಲಾ ಒಂದೇ."

"ಒಂದೇ ಅಲ್ಲ. ಕಳೆದುಹೋಯ್ತು ಅಂದ್ರೆ ಯಾರಿಗೋ ಸಿಕ್ಕಿದೆ ಅಂತ ಅರ್ಥ."

ಸುಧೀಶ್ ಸಾರ್ ಪೆನ್ನು ಕೆಳಗಿಟ್ಟರು. "ಪಾತ್ರೆ ಕರಗಿತು ಅಂತ ನಾನು ಬರೆದ್ರೆ ಮೇಲಿನವರು ನನ್ನನ್ನು ಡಾಕ್ಟರ ಹತ್ರ ಕಳಿಸ್ತಾರೆ. ಕಳೆದುಹೋಗಿದೆ. ಸಹಿ ಹಾಕು, ಮನೆಗೆ ಹೋಗು."

ಗುರುಮೂರ್ತಿ ಕೈ ಕಟ್ಟಿ ನಿಂತ. ಈ ಸಲ ಅವನ ಪಕ್ಕದಲ್ಲಿ ಲೀಲೇಚಿಯೂ ಬಂದು ಕೈ ಕಟ್ಟಿ ನಿಂತರು.

"ಕರಗಿತು ಅಂತ ಬರೀರಿ ಸಾರ್. ದೂರು ಕೊಟ್ಟವಳು ನಾನು. ನನ್ನ ಚೆಂಬಿಗೆ ಏನಾಯ್ತು ಅಂತ ನನಗೆ ಗೊತ್ತು. ಮೇಲಿನವರಿಗೆ ನಂಬಿಕೆ ಬರದಿದ್ರೆ ಇಲ್ಲಿಗೇ ಕರಕೊಂಡು ಬನ್ನಿ, ತೋರಿಸ್ತೇವೆ. ವೀಣಾ, ಕ್ಯಾನು ಇನ್ನೂ ಉಂಟಾ?"

"ಬೇಕಾದಷ್ಟಿದೆ," ಎಂದಳು ವೀಣಾ.

"ಪಾತ್ರೆ?" ಎಂದ ಗುರುಮೂರ್ತಿ.

ಲೀಲೇಚಿ ಸುತ್ತ ನೋಡಿದರು. ಅವರ ದೃಷ್ಟಿ ಜೀಪಿನ ಸೀಟಿನ ಮೇಲಿದ್ದ ಊಟದ ಡಬ್ಬಿಯ ಮೇಲೆ ನಿಂತಿತು. ಹಳೇ ಕಾಲದ, ದಪ್ಪ ಅಲುಮಿನಿಯಂ ಡಬ್ಬಿ. ಅವರು ಕೈ ಚಾಚಿ, ಬೆರಳ ಗೆಣ್ಣಿನಿಂದ ಅದನ್ನು ಮೆಲ್ಲಗೆ ಬಡಿದು ನೋಡಿದರು.

"ಅದು ನನ್ನ ಅಪ್ಪನದು!" ಎಂದು ಸುಧೀಶ್ ಸಾರ್ ಡಬ್ಬಿಯನ್ನು ಕಿತ್ತುಕೊಂಡು ಕಂಕುಳಲ್ಲಿ ಅವುಚಿಕೊಂಡರು. ಹಾಗೆ ಅವುಚಿಕೊಂಡೇ ಇನ್ನೊಂದು ಕೈಯಲ್ಲಿ ಪೆನ್ನು ಎತ್ತಿ, ಬರೆದದ್ದನ್ನು ಹೊಡೆದುಹಾಕಿ, 'ಕರಗಿತು' ಎಂದು ಬರೆದರು. ಕೆಳಗೆ ಸಾಕ್ಷಿಯ ಸಹಿಗೆ ಜಾಗ ಬಿಟ್ಟು ಕಾಗದವನ್ನು ಮುಂದಕ್ಕೆ ತಳ್ಳಿದರು.

ಲೀಲೇಚಿ ಪೆನ್ನು ತೆಗೆದುಕೊಂಡು ಅಲ್ಲಿ ತಮ್ಮ ಪೂರ್ತಿ ಹೆಸರನ್ನು, ಮನೆಯ ಹೆಸರಿನ ಸಮೇತ, ಕಾಗದ ಹರಿಯುವಷ್ಟು ಒತ್ತಿ ಬರೆದರು.